ಎರಡು ದಿನದ ತೂತು

ಒಂದು ತಂಬಿಗೆ ನೀರು ಕೊಡಿ, ಕಲ್ಲಿನ ಪದರು ಯಾವ ಕಡೆಗೆ ಮಲಗಿದೆ ಎಂದು ನಾನು ಹೇಳುತ್ತೇನೆ. ಜಂಬ ಎನ್ನುವವರು ಎನ್ನಲಿ. ಈ ವಯಸ್ಸಿನಲ್ಲಿ ಮೊಣಕಾಲು ಹಿಡಿದುಕೊಂಡಿದೆ, ಹಲ್ಲು ಉದುರಿವೆ, ಸೊಸೆಯಂದಿರು ನನ್ನ ಮಾತಿಗೆ ಹೂಂಗುಡುವುದನ್ನೂ ಬಿಟ್ಟಿದ್ದಾರೆ. ಜಂಬಪಡಲು ಉಳಿದಿರುವುದು ಇದೊಂದೇ, ಇದನ್ನು ನಾನು ಬಿಟ್ಟುಕೊಡುವವಳಲ್ಲ. ಊರಿನಲ್ಲಿ ಯಾರಾದರೂ ಮನೆಯ ನೆಲಕ್ಕೆ ಫರಸಿ ಕಲ್ಲು ತರಿಸಿದರೆ ಈಗಲೂ ನನ್ನನ್ನು ಕರೆಯುತ್ತಾರೆ. ನಾನು ಕಲ್ಲನ್ನು ತೋಯಿಸಿ ಬಿಸಿಲಿಗೆ ಬಿಟ್ಟು ಪಕ್ಕದಲ್ಲಿ ಕೂರುತ್ತೇನೆ. ಕಲ್ಲಿನ ಮೈ ಬೇಗ ಆರುತ್ತದೆ, ಪದರುಗಳ ಸಂದಿ ತಡವಾಗಿ ಆರುತ್ತದೆ. ಮೈ ಆರಿ ಸಂದಿ ಇನ್ನೂ ಹಸಿಯಾಗಿರುವ ಆ ಸ್ವಲ್ಪ ಹೊತ್ತು ಕಲ್ಲಿನ ಮೇಲೆ ಕಪ್ಪು ಗೆರೆಗಳು ಏಳುತ್ತವೆ. ಒಂದು ಎಲೆಗೆ ಸುಣ್ಣ ಹಚ್ಚಿ ಬಾಯಿಗೆ ಹಾಕಿಕೊಳ್ಳುವಷ್ಟು ಹೊತ್ತು, ಅಷ್ಟೇ. ಆಮೇಲೆ ಎಲ್ಲ ಒಂದೇ ಬಣ್ಣ.

ನಮ್ಮ ವಿಜಾಪುರದ ಸುತ್ತ ಸಿಗುವುದು ಕರಿಕಲ್ಲು. ಅದು ಹಟಮಾರಿ. ಯಾವ ಮಗ್ಗುಲಿಗೆ ಹೊಡೆದರೂ ಒಂದೇ ಜವಾಬು ಕೊಡುತ್ತದೆ. ಆದರೆ ತೊಲೆಯಂಥ ಉದ್ದನೆಯ ಕಲ್ಲು ಬೇಕೆಂದರೆ ಆಗ ಕೃಷ್ಣಾ ಹೊಳೆ ದಾಟಿ ಕಲಾದಗಿ ಸೀಮೆಗೆ ಹೋಗಬೇಕಿತ್ತು. ಅಲ್ಲಿಯದು ಪದರುಗಲ್ಲು. ಯಾವುದೋ ಕಾಲದಲ್ಲಿ ಕೆಸರು ತೆಳ್ಳಗೆ ಕೂತು, ಅದರ ಮೇಲೆ ಮತ್ತೆ ಕೆಸರು ಕೂತು, ಕಡೆಗೆ ಎಲ್ಲ ಸೇರಿ ಕಲ್ಲಾದದ್ದು. ಕೆಲವು ಉಗುರು ಹಾಕಿದರೆ ಬಿಚ್ಚಿಕೊಳ್ಳುವಷ್ಟು ಸಡಿಲ, ಕೆಲವು ಪದರೇ ಇಲ್ಲವೇನೋ ಎನ್ನುವಷ್ಟು ಬಿಗಿ. ಮೋಸ ಮಾಡುವುದು ಈ ಬಿಗಿಯಾದವೇ. ರೊಟ್ಟಿಗಳನ್ನು ಒಂದರ ಮೇಲೊಂದು ಒಟ್ಟಿ ಮೇಲಿನಿಂದ ಎಷ್ಟು ಒತ್ತಿದರೂ ಒಟ್ಟು ಒಟ್ಟಾಗಿಯೇ ಇರುತ್ತದೆ. ಅದನ್ನೇ ಎತ್ತಿ ನಿಲ್ಲಿಸಿ ನಡುವೆ ಬೆರಳು ತೂರಿಸಿದರೆ ಎರಡು ಪಾಲು. ಪದರುಗಲ್ಲಿನ ಸಂಗತಿಯೂ ಅಷ್ಟೇ. ಪದರು ಅಡ್ಡ ಮಲಗಿದ್ದರೆ ಅದನ್ನು ಅಪ್ಪ ‘ಹಾಸು’ ಎನ್ನುತ್ತಿದ್ದ, ಎದ್ದು ನಿಂತಿದ್ದರೆ ‘ನಿಲುವು’. ಭಾರ ಹೊರುವ ಕಲ್ಲು ಭೂಮಿಯಲ್ಲಿ ಹೇಗೆ ಮಲಗಿತ್ತೋ ಹಾಗೇ ಕಟ್ಟಡದಲ್ಲೂ ಮಲಗಬೇಕು, ಅಂದರೆ ಹಾಸಾಗಿ ಕೂರಬೇಕು. ಅದಕ್ಕೆಂದೇ ಗಣಿಯವರು ಕಲ್ಲು ಕೀಳುವ ಮೊದಲು ಆಕಾಶ ನೋಡುತ್ತಿದ್ದ ಮುಖಕ್ಕೆ ಒಂದು ಅಂಗೈ ಕೆಮ್ಮಣ್ಣು ಬಳಿದು ಕಳಿಸುತ್ತಿದ್ದರು. ಆ ಕೆಂಪು ಕಂಡ ಮುಖ ಮೇಲೆ ಬರಬೇಕು ಎಂದು ಕಲ್ಲು ಕಟ್ಟುವ ಎಲ್ಲ ಗೌಂಡಿಗಳಿಗೂ ಗೊತ್ತಿತ್ತು.

ಅಪ್ಪ ಬಾವಿ ಕಟ್ಟುವ ಗೌಂಡಿ. ಸೊಲ್ಲಾಪುರ ರಸ್ತೆಯ ಮಗ್ಗುಲಿಗೆ ನಮ್ಮ ಮನೆ. ಅವ್ವ ನಾನು ಸಣ್ಣವಳಿದ್ದಾಗಲೇ ಹೋದಳು. ನಾಲ್ಕು ಇಯತ್ತೆ ಕಲಿತು ಸಾಲೆ ಬಿಟ್ಟ ಮೇಲೆ ನಾನು ಅಪ್ಪನ ಹಿಂದೆ ಬಾವಿಯಿಂದ ಬಾವಿಗೆ ತಿರುಗಿದೆ. ರಸ್ತೆಗೆ ಜಲ್ಲಿ ಒಡೆದೆ, ಸುಣ್ಣ ಕಲಸಿದೆ, ಕಲ್ಲು ತೋಯಿಸಿ ಗೆರೆ ನೋಡುವುದನ್ನು ಕಲಿತೆ. ಉಳಿಗೆ ಮಾತ್ರ ಕೈ ಹಚ್ಚಲಿಲ್ಲ. ಹೆಂಗಸರು ಕಲ್ಲು ಹೊರಬಹುದು, ಒಡೆಯಬಹುದು, ಕಟೆಯುವುದು ಮಾತ್ರ ಗಂಡಸರ ಕೆಲಸ ಎಂದು ನಮ್ಮ ಕಡೆ ಇತ್ತು. ಯಾಕೆ ಎಂದು ನಾನೂ ಕೇಳಲಿಲ್ಲ, ಕೇಳಿದ್ದರೆ ಯಾರೂ ಹೇಳುತ್ತಿರಲಿಲ್ಲ. ಆಮೇಲೆ ನನ್ನನ್ನು ಬಬಲೇಶ್ವರಕ್ಕೆ ಕೊಟ್ಟರು. ಗಂಡನ ಮನೆಯಲ್ಲಿ ಎರಡು ಗಾಡಿ, ಎರಡು ಜೋಡಿ ಎತ್ತು. ಕಲ್ಲು, ಕಟ್ಟಿಗೆ, ಜೋಳದ ಚೀಲ, ಯಾರು ಏನು ಹೇಳಿದರೂ ನಮ್ಮ ಮನೆಯವರು ಹೇರಿಕೊಂಡು ಬರುತ್ತಿದ್ದರು.

ನಾನು ಹೇಳುತ್ತಿರುವುದು ದೇಶದೇಶಗಳ ದೊಡ್ಡ ಲಡಾಯಿ ನಡೆದಿದ್ದ ವರ್ಷಗಳ ಮಾತು. ತಿಕೋಟಾದಲ್ಲಿ ಒಬ್ಬ ಗೌಡಸಾನಿ ಇದ್ದರು. ಗಂಡ ತೀರಿಕೊಂಡ ಮೇಲೆ ಹೊಲ ಮನೆ ಎಲ್ಲ ಅವರದೇ ಕಾರಭಾರ. ಕಪಲಿ ಬಾವಿ ಕಟ್ಟಿಸಲು ಅಪ್ಪನಿಗೆ ಹೇಳಿದರು. ಕಪಲಿ ಎಂದರೆ ಎತ್ತು ಹೂಡಿ ದೊಡ್ಡ ತೊಗಲಿನ ಚೀಲದಿಂದ ನೀರೆಳೆಯುವ ಏರ್ಪಾಡು. ಬಾವಿಯ ಬಾಯಿಗೆ ಅಡ್ಡಲಾಗಿ ಒಂದು ಕಲ್ಲಿನ ತೊಲೆ, ಅದರಲ್ಲಿ ಎರಡು ತೂತು, ತೂತುಗಳಲ್ಲಿ ಎರಡು ಕಟ್ಟಿಗೆಯ ಕಂಬ, ಕಂಬಗಳ ನಡುವೆ ಹಗ್ಗ ಓಡುವ ಗಾಲಿ. ಎತ್ತುಗಳು ಎಳೆದಾಗಲೆಲ್ಲ ಕಂಬಗಳು ಹಿಂದಕ್ಕೆ ಜಗ್ಗುತ್ತವೆ. ಅದೇ ಕಲ್ಲಿನ ಮೇಲೆ ಒಬ್ಬ ಆಳು ದಿನವಿಡೀ ನಿಂತು ಚೀಲದ ನೀರು ಸುರಿಯುತ್ತಾನೆ. ಕಲ್ಲು ಸೀಳಿದರೆ ಕಂಬ, ಗಾಲಿ, ಆಳು ಎಲ್ಲ ಬಾವಿಗೆ. ಗೌಡಸಾನಿಯವರಿಗೆ ಅಲ್ಲಿ ಕಬ್ಬಿಣದ ತೊಲೆ ಹಾಕಿಸುವ ಮನಸ್ಸಿತ್ತು. ಲಡಾಯಿಯ ಕಾಲದಲ್ಲಿ ಕಬ್ಬಿಣ ಎಲ್ಲಿ ಸಿಗಬೇಕು? ಕಲಾದಗಿಯ ಕಲ್ಲೇ ಗತಿಯಾಯಿತು. ಐದು ಮೊಳ ಉದ್ದ, ಮೊಳ ಅಗಲ, ಮೊಳ ದಪ್ಪ. ಹೊಳೆ ತುಂಬುವ ಮೊದಲು ಅದನ್ನು ದಾಟಿಸಿ ತಂದದ್ದು ನಮ್ಮ ಮನೆಯವರೇ.

ಗಾಡಿ ಬಬಲೇಶ್ವರಕ್ಕೆ ಬಂದಾಗ ಇನ್ನೂ ಹೊತ್ತು ಮುಳುಗಿರಲಿಲ್ಲ. ನೀರಿಗೆ ಹೋಗುವ ಕಲ್ಲನ್ನು ನಮ್ಮ ಮನೆಯಲ್ಲಿ ಬರಿಗೈಯಲ್ಲಿ ಕಳಿಸುತ್ತಿರಲಿಲ್ಲ. ಗಂಡನ ಮನೆಗೆ ಹೊರಟ ಮಗಳಿಗೆ ಮಾಡುವಂತೆ ಅರಿಷಿಣ ಕುಂಕುಮ ಹಚ್ಚಿ, ಉಡಿ ತುಂಬಿ ಕಳಿಸುತ್ತಿದ್ದೆವು. ಆ ವರ್ಷ ಡಬ್ಬಿಯಲ್ಲಿ ಕುಂಕುಮ ತಳ ಕಂಡಿತ್ತು. ಇದ್ದಷ್ಟನ್ನು ಅತ್ತೆ ಹಣೆಗೆಂದು ಎತ್ತಿಟ್ಟುಕೊಂಡಿದ್ದರು. ಗೋಡೆಯ ಅಂಚಿಗೆ ಬಳಿಯುವ ಕೆಮ್ಮಣ್ಣು ಮಾತ್ರ ಗಡಿಗೆ ತುಂಬ ಇತ್ತು. ನಾನು ಅದನ್ನೇ ಕಲಸಿ ಕಲ್ಲಿಗೆ ಒಂದು ಬೊಟ್ಟು ಇಟ್ಟೆ.

ಅತ್ತೆ ಹೊಸ್ತಿಲಲ್ಲಿ ನಿಂತು ನೋಡಿದರು. “ಇಷ್ಟ ದೊಡ್ಡ ಕಲ್ಲಿಗೆ ಇಷ್ಟ ಸಣ್ಣ ಬೊಟ್ಟೇನಬೇ? ಅಂಗೈ ತುಂಬ ಹಚ್ಚು. ಜಿಪುಣ ಮಂದಿ ಅಂದಾರು.”

ಜಿಪುಣರು ಅನ್ನಿಸಿಕೊಳ್ಳುವ ಮಾತೇ ಇಲ್ಲ. ಅಂಗೈ ಅದ್ದಿ, ಮನೆಯ ಕಡೆಗಿದ್ದ ಮಗ್ಗುಲಿಗೆ ತುಂಬ ಬಳಿದೆ. ಗಣಿಯವರ ಗುರುತು ಕಾಣುತ್ತದೆಯೇ ಎಂದು ಒಮ್ಮೆ ಕಣ್ಣಾಡಿಸಿದ್ದೆ. ಅದು ಹೊಳೆ ದಾಟುವಾಗ ಹುಲ್ಲು ಹಗ್ಗಗಳ ತಿಕ್ಕಾಟದಲ್ಲಿ ತೊಳೆದು ಹೋಗಿತ್ತು ಎಂದು ತಿಳಿದದ್ದು ಆಮೇಲೆ. ಆಗ ಹಗ್ಗದ ಕೆಳಗೆ ಎಲ್ಲೋ ಇರಬೇಕು ಎಂದುಕೊಂಡು ಸುಮ್ಮನಾದೆ. ನಿಜ ಹೇಳಬೇಕೆಂದರೆ ನನ್ನ ತಲೆ ಆಗ ಬೇರೆ ಕಡೆ ಇತ್ತು. ಓಣಿಯ ಹೆಂಗಸರೆಲ್ಲ ನೆರೆದಿದ್ದರು, ಇದು ನಮ್ಮಪ್ಪನ ಬಾವಿಗೆ ಹೋಗುವ ಕಲ್ಲು ಎಂದು ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ. ಗಾಡಿಯಲ್ಲಿ ಕಲ್ಲನ್ನು ಯಾವ ಮಗ್ಗುಲಿಗೆ ಉರುಳಿಸಿ ಕಟ್ಟಿದ್ದಾರೆ ಎಂದು ಕೇಳುವ ವ್ಯವಧಾನ ಎಲ್ಲಿತ್ತು?

ವಾರದ ಮೇಲೆ ಅಪ್ಪ ಹೇಳಿಕಳಿಸಿದ. ಅಡುಗೆಗೆ, ಸುಣ್ಣಕ್ಕೆ ಒಂದು ಕೈ ಬೇಕು, ಮಗಳನ್ನು ಕಳಿಸಿಕೊಡಿ ಎಂದು. ಅತ್ತೆ ಒಂದು ಮಾತು ಆಡದೆ ಕಳಿಸಿದರು. ನಾನು ತಿಕೋಟಾದ ಹೊಲಕ್ಕೆ ಬಂದು ನೋಡಿದರೆ ಅಪ್ಪ ಸೊರಗಿ ಇಳಿದು ಹೋಗಿದ್ದ. ವರ್ಷದ ಹಿಂದೆ ಕಲ್ಲಿನ ಚೂರು ಸಿಡಿದು ಒಂದು ಕಣ್ಣು ಮಂಜಾಗಿತ್ತು, ಇನ್ನೊಂದು ತಾನಾಗಿಯೇ ಅದರ ಹಾದಿ ಹಿಡಿದಿತ್ತು. ಅದು ನನಗೆ ಗೊತ್ತಿತ್ತು, ನನಗೆ ಮಾತ್ರ ಗೊತ್ತಿತ್ತು. ಕೈಯ ಸಂಗತಿ ಮಾತ್ರ ಹೊಸದು. ರೊಟ್ಟಿ ಮುರಿಯುವಾಗ ಬಲಗೈ ನಡುಗುತ್ತಿತ್ತು. ಪಲ್ಯ ತಾಟಿನ ಹೊರಗೆ ಬಿದ್ದರೆ ಅಪ್ಪ ನಾನು ನೋಡಿದೆನೇ ಎಂದು ನೋಡುತ್ತಿದ್ದ. ನಾನು ಒಲೆಯ ಕಡೆ ತಿರುಗಿ ಕೂರುತ್ತಿದ್ದೆ.

ಕಲ್ಲಿಗೆ ತೂತು ಕಟೆಯುವುದನ್ನು ಅಪ್ಪ ಅದಕ್ಕೇ ಮುಂದೂಡುತ್ತ ಬಂದಿದ್ದ. ಕಂಬದ ಒಂದು ತೂತು ಗೇಣುದ್ದ ಆಳ ಇಳಿಯಬೇಕು. ಒಳ್ಳೆಯ ಕೈ ಇದ್ದ ಕಾಲದಲ್ಲೂ ಎರಡು ತೂತಿಗೆ ನಾಲ್ಕೈದು ದಿನ ಹಿಡಿಯುತ್ತಿತ್ತು. ಕಡೆಗೊಂದು ಮುಂಜಾನೆ ಕೆಮ್ಮಣ್ಣಿನ ಮುಖ ಮೇಲೆ ಮಾಡಿಸಿ ಉಳಿ ಹಿಡಿದು ಕೂತ. ಮಧ್ಯಾಹ್ನದ ಹೊತ್ತಿಗೆ ನನ್ನನ್ನು ಕೂಗಿದ. ಹೋಗಿ ನೋಡಿದರೆ ಒಂದು ತೂತು ಅರ್ಧಕ್ಕಿಂತ ಹೆಚ್ಚು ಇಳಿದಿತ್ತು. ಮರುದಿನ ಸಂಜೆಗೆ ಎರಡೂ ಮುಗಿದವು.

“ನೋಡಿದೇನಬೇ,” ಎಂದ ಅಪ್ಪ ಮೀಸೆಯ ಮೇಲಿನ ಧೂಳು ಒರೆಸಿಕೊಳ್ಳುತ್ತ. “ಎರಡ ದಿನ, ಎರಡ ತೂತ. ಈ ಕೈ ಇನ್ನೂ ಹತ್ತ ಬಾವಿ ಕಟ್ಟತೈತಿ.”

ಅಷ್ಟು ಹಿಗ್ಗಿದ್ದನ್ನು ನಾನು ಅವ್ವ ಹೋದ ಮೇಲೆ ನೋಡಿರಲೇ ಇಲ್ಲ. ಅವತ್ತು ಎರಡು ರೊಟ್ಟಿ ಹೆಚ್ಚು ತಿಂದ, ಕೈಯೂ ನಡುಗಲಿಲ್ಲ. ರವಿವಾರ ಸಂತೆಗೆಂದು ವಿಜಾಪುರಕ್ಕೆ ಹೋದವನು ಸೊಲ್ಲಾಪುರ ರಸ್ತೆಯ ಗೌಂಡಿಗಳಿಗೆಲ್ಲ ಹೇಳಿಬಂದ. ಅಪ್ಪನ ಕೈ ಹೋಯಿತು ಎಂದು ಬೆನ್ನ ಹಿಂದೆ ಆಡಿಕೊಂಡವರು ಅವರೇ. ಹೇಳಿಬರಲಿ ಎಂದು ನನಗೂ ಇತ್ತು. ಕಲ್ಲಿನ ಸುತ್ತ ಬಿದ್ದಿದ್ದ ಚೂರುಗಳನ್ನು ಬುಟ್ಟಿಗೆ ತುಂಬಿದವಳು ನಾನೇ. ಹಪ್ಪಳದಂತೆ ತೆಳ್ಳಗೆ, ಅಗಲಗಲ ಚೂರುಗಳು. ಅದನ್ನು ನೋಡಿಯಾದರೂ ನನಗೆ ಗೊತ್ತಾಗಬೇಕಿತ್ತು. ನಾನು ಅಪ್ಪನ ಹಿಗ್ಗಿನಲ್ಲಿ ಹಿಗ್ಗಿಕೊಂಡಿದ್ದೆ.

ಹತ್ತಾಳು ಸೇರಿ ಹಾರೆ ಕೊಟ್ಟು ಕಲ್ಲನ್ನು ಬಾವಿಯ ಬಾಯಿಗೆ ಕೂರಿಸಿದರು. ಇನ್ನು ಮೂರು ದಿನಕ್ಕೆ ಮುಹೂರ್ತ. ಕಂಬ ನಿಲ್ಲಿಸಿ, ಎತ್ತು ಹೂಡಿ, ಮೊದಲ ನೀರು ಎತ್ತುವುದು. ಮರುದಿನ ಬೆಳಿಗ್ಗೆ ಕಲ್ಲಿನ ಮೇಲಿನ ಧೂಳು ತೊಳೆಯಲು ನಾನು ಎರಡು ಕೊಡ ನೀರು ಸುರಿದೆ. ಬಿಸಿಲು ಏರಿತ್ತು. ಸುಮ್ಮನೆ ಅಭ್ಯಾಸಬಲದಿಂದ ಪಕ್ಕದಲ್ಲಿ ಕೂತೆ.

ಗೆರೆಗಳು ಎದ್ದವು. ಕಲ್ಲಿನ ಮೇಲ್ಮುಖದಲ್ಲೇ, ಈ ತುದಿಯಿಂದ ಆ ತುದಿಗೆ, ಕೂದಲು ಬಾಚಿದಷ್ಟು ಒತ್ತಾಗಿ. ನಡುವಿನ ದಪ್ಪ ಗೆರೆಯೊಂದು ಮೊದಲ ತೂತಿಗೆ ಇಳಿದು, ಆಚೆಯ ಅಂಚಿನಲ್ಲಿ ಎದ್ದು, ಎರಡನೆಯ ತೂತಿಗೆ ಹೋಗಿ ಅಲ್ಲಿಂದಲೂ ಹೊರಬಿದ್ದಿತ್ತು. ಮಗ್ಗುಲಿಗೆ ಬಗ್ಗಿ ನೋಡಿದೆ. ಅಲ್ಲಿ ಒಂದು ಗೆರೆಯೂ ಇಲ್ಲ. ಪದರು ಎದ್ದು ನಿಂತಿತ್ತು. ನಿಲುವು.

ಎತ್ತು ಜಗ್ಗಿದಾಗ ಕಂಬ ಹಿಂದಕ್ಕೆ ವಾಲುತ್ತದೆ, ತೂತಿನೊಳಗೆ ಅದರ ಬುಡ ಬೆಣೆಯಂತೆ ಒತ್ತುತ್ತದೆ, ಒತ್ತಿದ್ದು ನೇರವಾಗಿ ಪದರಿನ ಸಂದಿಗೆ. ಒಂದು ದಿನ ತಡೆದೀತು, ಒಂದು ತಿಂಗಳು ತಡೆದೀತು. ಯಾವತ್ತೋ ಒಂದು ದಿನ ತುದಿಯಿಂದ ತುದಿಗೆ ಎರಡು ಸೀಳು. ಆ ಮುಖ ಮೇಲೆ ಬಂದದ್ದು ಹೇಗೆ ಎಂದು ಯೋಚಿಸುವಷ್ಟರಲ್ಲಿ, ಕಲ್ಲಿನ ತುದಿಗೆ ಉಳಿದಿದ್ದ ಕೆಮ್ಮಣ್ಣು ಕಣ್ಣಿಗೆ ಬಿತ್ತು. ಐದು ಬೆರಳು ಎದ್ದು ಕಾಣುತ್ತಿದ್ದವು. ಗಣಿಯವರು ಬಳಿದಿದ್ದರೆ ಅಷ್ಟು ಸಣ್ಣ ಬೆರಳು ಎಲ್ಲಿಂದ ಬರಬೇಕು? ಅದು ನನ್ನ ಕೈ.

ನನ್ನ ತಪ್ಪನ್ನು ಒಪ್ಪಿಕೊಳ್ಳಲು ನನಗೆ ಹೆದರಿಕೆ ಇರಲಿಲ್ಲ. ಬೈದರೆ ಬೈಸಿಕೊಳ್ಳುವುದು, ಅಷ್ಟೇ. ನನ್ನನ್ನು ಅಲ್ಲೇ ಕೂರಿಸಿದ್ದು ಬೇರೆ ಸಂಗತಿ. ಪದರು ನಿಲುವಾಗಿದ್ದ ಕಲ್ಲಿನಲ್ಲಿ ಉಳಿ ಸುಲಭವಾಗಿ ಇಳಿಯುತ್ತದೆ. ಸಂದಿಯಲ್ಲಿ ತೂರಿ ಹಾಳೆ ಹಾಳೆ ಎಬ್ಬಿಸುತ್ತದೆ. ಎರಡು ದಿನದಲ್ಲಿ ಎರಡು ತೂತು ಇಳಿದದ್ದು ಅಪ್ಪನ ಕೈಯ ಬಲದಿಂದ ಅಲ್ಲ. ಇದನ್ನು ಹೇಳಿದರೆ ಅಪ್ಪನಿಗೆ ಮರಳಿ ಬಂದಿದ್ದ ಕೈಯನ್ನು ನಾನೇ ಕಿತ್ತುಕೊಂಡಂತೆ.

ಕಲ್ಲಿನಲ್ಲಿ ಬಿರುಕು ಇದೆ, ಬೇರೆ ಕಲ್ಲು ತರಿಸು ಎಂದು ಸುಳ್ಳು ಹೇಳಿದರೆ ಹೇಗೆ ಎಂದು ಯೋಚಿಸಿದೆ. ಅಪ್ಪನ ಎರಡು ದಿನ ಅಪ್ಪನ ಹತ್ತಿರವೇ ಉಳಿಯುತ್ತದೆ. ಆದರೆ ಹೊಳೆಗೆ ನೀರು ಬಂದು ಗಾಡಿ ದಾಟುವುದು ನಿಂತುಹೋಗಿತ್ತು. ಇದ್ದದ್ದು ಇದೊಂದೇ ಕಲ್ಲು. ಇದನ್ನೇ ಮಗ್ಗುಲು ಹೊರಳಿಸಿ ಮತ್ತೆ ತೂತು ಕಟೆಯಬೇಕು, ಹೊರಳಿಸಬೇಕಾದರೆ ಇದ್ದದ್ದು ಇದ್ದಂತೆ ಹೇಳಬೇಕು. ಇದೇ ಯೋಚನೆಯಲ್ಲಿ ಮಧ್ಯಾಹ್ನವಾಯಿತು. ಪಲ್ಯಕ್ಕೆ ಎರಡು ಸಲ ಉಪ್ಪು ಹಾಕಿದೆ.

ಊಟಕ್ಕೆ ಕೂತಾಗ ಅಪ್ಪ ಒಂದು ತುತ್ತು ಬಾಯಿಗಿಟ್ಟು ನನ್ನ ಮುಖ ನೋಡಿದ. “ಏನಾತಬೇ? ಅತ್ತಿ ನೆನಪ ಆತೇನ?”

“ಯಪ್ಪಾ, ಕಲ್ಲ ನಿಲುವ ಐತಿ,” ಎಂದೆ.

ಅಪ್ಪ ಕೈ ತೊಳೆದುಕೊಂಡು ಎದ್ದ. ನಾನು ಒಂದು ಕೊಡ ನೀರು ಹೊತ್ತು ಹಿಂದೆ ಹೋದೆ. ಕಲ್ಲಿನ ಮೇಲೆ ಸುರಿದೆ, ಇಬ್ಬರೂ ಕೂತೆವು. ಗೆರೆ ಎದ್ದಾಗ ತೋರಿಸಿದೆ. ಅಪ್ಪನಿಗೆ ಕಾಣಲಿಲ್ಲ. ಎಲ್ಲಿ, ಎಲ್ಲಿ ಎಂದು ಬಗ್ಗಿದ. ಕಡೆಗೆ ತೂತಿನ ಅಂಚಿಗೆ ನಾಲಿಗೆ ಹಚ್ಚಿ, ಮೆಲ್ಲಗೆ ಈ ಕಡೆಯಿಂದ ಆ ಕಡೆಗೆ ಎಳೆದ. ಆರಿದ ಕಲ್ಲು ನಾಲಿಗೆಗೆ ಅಂಟುತ್ತದೆ, ಹಸಿ ಗೆರೆ ತಣ್ಣಗೆ ಜಾರುತ್ತದೆ. ಎರಡು ಸಲ ಹಾಗೆ ಮಾಡಿದ. ಬುಟ್ಟಿಯಲ್ಲಿದ್ದ ಚೂರೊಂದನ್ನು ತೆಗೆದುಕೊಂಡು ಬೆರಳಿನಲ್ಲಿ ಮುರಿದ. ಅದು ಎರಡು ಹಾಳೆಯಾಗಿ ಬಿಚ್ಚಿಕೊಂಡಿತು.

ಎರಡನ್ನೂ ಬುಟ್ಟಿಗೆ ಹಾಕಿದ. “ಅದಕ್ಕ ಎರಡ ದಿನದಾಗ ಆತು,” ಎಂದ.

ಆ ಮಾತು ಕೇಳಿ ನನಗೆ ಅಳು ಬಂತು. ಕೆಮ್ಮಣ್ಣಿನ ಕತೆಯನ್ನೆಲ್ಲ ಅಳುತ್ತಲೇ ಹೇಳಿದೆ. ಅಪ್ಪ ಪೂರ್ತಿ ಕೇಳಿದ. ಬೈಯುತ್ತಾನೆ ಎಂದುಕೊಂಡಿದ್ದೆ. ತಲೆಯ ಮೇಲೆ ಸುತ್ತಿದ್ದ ರುಮಾಲು ಬಿಚ್ಚಿ ಮುಖ ಒರೆಸಿಕೊಂಡು, ಮತ್ತೆ ಸುತ್ತಿಕೊಂಡು, “ನಡಿ, ಗೌಡಸಾನ್ಯಾರಿಗೆ ಹೇಳೂಣು,” ಎಂದ.

ಗೌಡಸಾನಿಯವರು ಕಟ್ಟೆಯ ಮೇಲೆ ಕಾಳು ಹಸನು ಮಾಡಿಸುತ್ತಿದ್ದರು. ಆಳುಗಳು, ನೆರೆಹೊರೆಯ ಹೆಂಗಸರು ಐದಾರು ಮಂದಿ ಇದ್ದರು. ನಾನು ಅಪ್ಪನಿಗಿಂತ ಮೊದಲು ಬಾಯಿ ಹಾಕಿದೆ.

“ತಪ್ಪ ನಂದ್ರಿ ಅವ್ವಾರ. ಗಣ್ಯಾಗಿನ ಗುರ್ತ ಅಲ್ಲದು. ಬಬಲೇಶ್ವರದಾಗ ಪೂಜಾಕಂತ ಕೆಮ್ಮಣ್ಣ ಹಚ್ಚಿದಾಕಿ ನಾನು.”

“ಗುರ್ತ ಅಕೀದು ಖರೆ,” ಎಂದ ಅಪ್ಪ. “ನೀರ ಹಾಕಿ ನೋಡಲಾರದ ನಂಬಿದಾಂವ ನಾ. ಗೌಂಡಿ ನಾ ಅದೀನ್ರಿ, ಅಕಿ ಅಲ್ಲ. ಕಲ್ಲ ಹೊಳ್ಳಸಬೇಕು. ಮುಹೂರ್ತ ತಪ್ಪತೈತಿ.”

ಗೌಡಸಾನಿಯವರ ಮುಖ ಬಿಗಿಯಿತು. ಮುಹೂರ್ತ ತಪ್ಪುವುದೆಂದರೆ ಸಣ್ಣ ಮಾತಲ್ಲ, ಬೀಗರಿಗೆಲ್ಲ ಹೇಳಿಕಳಿಸಿಯಾಗಿತ್ತು. ಮೊರ ಕೆಳಗಿಟ್ಟು ಅಪ್ಪನನ್ನೇ ನೋಡಿದರು.

“ಮುಹೂರ್ತ ಇನ್ನೊಂದ ಬರತೈತಿ,” ಎಂದರು. “ಕಲ್ಲಿನ ಮ್ಯಾಲೆ ನಿಲ್ಲಾಂವ ನನ್ನ ಮನಿ ಆಳ. ಅಂವ ಬಾವ್ಯಾಗ ಹೋದ್ರ ಅವನ ಹೇಣ್ತಿಗೆ ನಾ ಏನ್ ಹೇಳ್ಲಿ? ಹೊಳ್ಳಸ್ರಿ. ಆದ್ರ ಈ ಸಲ ನೀರ ಹಾಕಿ ನೋಡಿ ಕೂಡಸ್ರಿ.”

ಕಲ್ಲನ್ನು ಎರಡು ಕಡೆಗೆ ಹೊರಳಿಸಬಹುದಿತ್ತು. ಒಂದು ಕಡೆಗೆ ಹೊರಳಿಸಿದರೆ ಹಳೆಯ ತೂತುಗಳು ಬಾವಿಯ ಒಳಮುಖಕ್ಕೆ ಬರುತ್ತವೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಇನ್ನೊಂದು ಕಡೆಗಾದರೆ ಎತ್ತು ಓಡಾಡುವ ಹಾದಿಗೆ ಎದುರಾಗಿ, ಬಂದವರು ಹೋದವರು ಎಲ್ಲರೂ ನೋಡುವಂತೆ ಕೂರುತ್ತವೆ. ಆಳುಗಳು ಹಾರೆ ಹಿಡಿದು ಯಾವ ಕಡೆ ಎಂದು ಕೇಳಿದರು. ಒಳಗಡೆ ಅನ್ನು ಯಪ್ಪಾ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

“ಹೊರಗ,” ಎಂದ ಅಪ್ಪ. “ಒಳಗಾದ್ರ ದಿನಾ ನೀರ ಸಿಡೀತೈತಿ. ಗಚ್ಚ ತುಂಬಿದ್ರೂ ಸಂದ್ಯಾಗ ನೀರ ಇಳದ ಪದರ ಬಿಡತೈತಿ.”

ಹೊರಗೇ ಹೊರಳಿಸಿದರು. ಸುಣ್ಣದ ಗಚ್ಚಿಗೆ ಕಲ್ಲಿನ ಚೂರು ಸೇರಿಸಿ ಹಳೆಯ ತೂತುಗಳನ್ನು ನಾನು ತುಂಬಿದೆ. ಎಷ್ಟು ತಿಕ್ಕಿ ನುಣುಪು ಮಾಡಿದರೂ ಎರಡು ಬಿಳಿ ಚೌಕಗಳು ದೂರಕ್ಕೆ ಎದ್ದು ಕಾಣುತ್ತಿದ್ದವು. ಹೊಸ ಮೇಲ್ಮುಖಕ್ಕೆ ನೀರು ಹಾಕಿ ಕೂತೆ. ಒಂದೇ ಒಂದು ಗೆರೆ ಏಳಲಿಲ್ಲ. ಹಳೆಯ ತೂತುಗಳಿಂದ ದೂರ ಸರಿದು ಅಪ್ಪ ಹೊಸ ಜಾಗಕ್ಕೆ ಗುರುತು ಹಾಕಿಕೊಂಡ.

ಹಾಸಾದ ಕಲ್ಲು ಎಂದರೆ ಏನು ಎಂದು ಆಗ ಗೊತ್ತಾಯಿತು. ಉಳಿಗೆ ಸಂದಿಯೇ ಸಿಗದು. ಒಂದೊಂದು ಪದರನ್ನೂ ಮೇಲಿನಿಂದ ಕುಟ್ಟಿ ಪುಡಿ ಮಾಡಿಯೇ ಇಳಿಯಬೇಕು. ಹಾಳೆ ಹೋಗಿ ಜೋಳದ ನುಚ್ಚಿನಂಥ ಚೂರು ಬರತೊಡಗಿತು. ಮೊದಲ ದಿನ ಸಂಜೆಗೆ ಮೂರು ಬೆರಳು ಇಳಿಯಿತು. ಅಪ್ಪ ಉಂಡು, ಉಳಿ ಮಸೆದಿಟ್ಟು ಮಲಗಿದ. ಎರಡನೆಯ ದಿನ ಮಧ್ಯಾಹ್ನ ಸುತ್ತಿಗೆ ಅಪ್ಪನ ಕೈಯಿಂದ ಜಾರಿ ಕಲ್ಲಿಗೆ ಬಡಿದು ಬಾವಿಗೆ ಬಿತ್ತು. ನೀರಿನ ಸಪ್ಪಳ ಮೇಲಿನವರೆಗೂ ಬಂತು.

ಅಪ್ಪ ತನ್ನ ಬಲಗೈಯನ್ನು ನೋಡಿಕೊಂಡ. ಈ ಸಲ ನಾನು ಮುಖ ತಿರುಗಿಸಲಿಲ್ಲ. “ಗುಡಿಸಲದಾಗ ಇನ್ನೊಂದ ಸುತ್ತಿಗಿ ಐತಿ, ತಾ,” ಎಂದ. ತಂದು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಎರಡೂ ಕೈಯಲ್ಲಿ ಉಳಿಯನ್ನು ತೂತಿನೊಳಗೆ ನೆಟ್ಟಗೆ ಹಿಡಿದು, “ಹೊಡಿ,” ಎಂದ.

“ನಾನಾ?”

“ಜಲ್ಲಿ ಒಡದ ಕೈ ಅಲ್ಲೇನು? ಹೊಡಿ. ಉಳಿ ಎಲ್ಲಿ ಇಡಬೇಕಂತ ನನಗ ಗೊತ್ತೈತಿ.”

ಹೊಲದಲ್ಲಿದ್ದವರೆಲ್ಲ ಕೆಲಸ ಬಿಟ್ಟು ನೋಡುತ್ತ ನಿಂತರು. ಒಬ್ಬ ಮುದುಕ ಹೆಣ್ಣುಮಗಳ ಕೈಗೆ ಸುತ್ತಿಗೆ ಕೊಟ್ಟರೆ ಎಂದು ಏನೋ ಗೊಣಗಿದ. ನನಗೆ ರೇಗಿತು. ರೇಗಿದ್ದೇ ಒಳ್ಳೆಯದಾಯಿತು, ಮೊದಲ ಪೆಟ್ಟು ಸರಿಯಾಗಿ ಬಿತ್ತು. ಹತ್ತು ಪೆಟ್ಟು, ಇಪ್ಪತ್ತು ಪೆಟ್ಟು. ಅಪ್ಪ ಪ್ರತಿ ಪೆಟ್ಟಿಗೂ ಉಳಿಯನ್ನು ಒಂದಿಷ್ಟು ತಿರುಗಿಸುತ್ತಿದ್ದ. ಕಣ್ಣು ಮುಚ್ಚಿಕೊಂಡಿದ್ದ, ಬೆರಳಿಗೆ ಬಂದ ಅದುರಿನಲ್ಲೇ ಕಲ್ಲು ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ತಿಳಿಯುತ್ತಿತ್ತು. ಉಳಿ ಹಿಡಿದಾಗ ಆ ಕೈ ನಡುಗಲಿಲ್ಲ ಎಂಬುದನ್ನು ನಾನು ಅವತ್ತು ನೋಡಿದೆ. ಸಂಜೆಯ ಹೊತ್ತಿಗೆ ತೋಳು ಸೋತು ಒಂದು ಪೆಟ್ಟು ತಪ್ಪಿತು. ಸುತ್ತಿಗೆ ಅಪ್ಪನ ಹೆಬ್ಬೆರಳಿಗೆ ಬಿತ್ತು. ಉಗುರು ಅಲ್ಲೇ ಕಪ್ಪಾಯಿತು. ನಾನು ಸುತ್ತಿಗೆ ಎಸೆದು ಅಪ್ಪನ ಕೈ ಹಿಡಿಯಲು ಹೋದೆ. ಅಪ್ಪ ಉಳಿ ಬಿಟ್ಟಿರಲಿಲ್ಲ, ಕೈಯನ್ನು ಕೂದಲೆಳೆಯಷ್ಟೂ ಸರಿಸಿರಲಿಲ್ಲ.

“ಇನ್ನೊಮ್ಮಿ,” ಎಂದ.

ನಾನು ಬೆಳೆದ ಮನೆಯಲ್ಲಿ ಯಾರೂ ಯಾರನ್ನೂ ಬಾಯಿಬಿಟ್ಟು ಹೊಗಳುತ್ತಿರಲಿಲ್ಲ. ಆ ಒಂದು ಮಾತಿಗೆ ನನ್ನ ಎದೆ ಎಷ್ಟು ಉಬ್ಬಿತೆಂದರೆ, ಆಮೇಲೆ ಮೂರು ಗಂಡು ಹೆತ್ತಾಗಲೂ ಅಷ್ಟು ಉಬ್ಬಲಿಲ್ಲ. ಮಕ್ಕಳು ಇದನ್ನು ಓದಿದರೆ ಬೇಜಾರು ಮಾಡಿಕೊಳ್ಳುವುದು ಬೇಡ, ಇದ್ದದ್ದನ್ನು ಬರೆದಿದ್ದೇನೆ. ಮರುದಿನ, ಅದರ ಮರುದಿನ, ಹೀಗೆ ಹೊಡೆದೆ. ಎಲ್ಲ ಸೇರಿ ಆರು ದಿನಕ್ಕೆ ಎರಡು ತೂತು ಮುಗಿದವು. ಗೇಣು ಹಾಕಿ ಅಳೆದು ನೋಡಿ ಅಪ್ಪ ತಲೆಯಾಡಿಸಿದ.

ಹೊಸ ಮುಹೂರ್ತದ ದಿನ ತಿಕೋಟಾದವರಷ್ಟೇ ಅಲ್ಲ, ಸುತ್ತಲಿನವರೂ ಬಂದರು. ಸೊಲ್ಲಾಪುರ ರಸ್ತೆಯ ಗೌಂಡಿಗಳೂ ಇಬ್ಬರು ಮೂವರು ಬಂದಿದ್ದರು. ಅವರಲ್ಲಿ ಒಬ್ಬ ಅಪ್ಪನ ಓರಗೆಯವನು, ಅಪ್ಪನ ಕೈ ಹೋಯಿತು ಎಂದು ಎಲ್ಲರಿಗಿಂತ ಮೊದಲು ಅಂದವನು. ಆಳು ಕಲ್ಲಿನ ಮೇಲೆ ನಿಂತ, ಎತ್ತುಗಳು ಇಳಿಜಾರಿನಲ್ಲಿ ಹೆಜ್ಜೆಯಿಟ್ಟವು, ಕಂಬ ಕಿರ್ ಎಂದು ಹಿಂದಕ್ಕೆ ವಾಲಿತು. ಚೀಲ ಮೇಲೆ ಬಂತು, ನೀರು ಬಾವಿ ಪಕ್ಕದ ಕಲ್ಲಿನ ದೋಣಿಗೆ ಸುರಿಯಿತು, ಹೆಂಗಸರು ಆರತಿ ಎತ್ತಿದರು. ಕಲ್ಲು ಮಿಸುಕಲಿಲ್ಲ. ಐದು ಸಲ, ಹತ್ತು ಸಲ ಎಳೆದರು. ಆಮೇಲೆ ಎತ್ತು ಬಿಚ್ಚಿ ಎಲ್ಲರೂ ಹುಗ್ಗಿ ಉಣ್ಣಲು ಹೊರಟಾಗ ಆ ಗೌಂಡಿ ಬಾವಿಯ ಹತ್ತಿರವೇ ನಿಂತುಕೊಂಡ. ಬಿಳಿ ಚೌಕಗಳು ಅವನ ಕಣ್ಣಿಗೆ ಬಿದ್ದಿದ್ದವು.

“ಎರಡ ದಿನದಾಗ ಹೊಡದ ತೂತ ಯಾವ್ವೋ?” ಎಂದು ನಗುತ್ತ ಕೇಳಿದ. ಹಿಂದಿದ್ದವರೂ ನಕ್ಕರು.

ಅಪ್ಪ ಚೌಕಗಳ ಮೇಲೆ ಕೈಯಿಟ್ಟ. ಹೆಬ್ಬೆರಳಿಗೆ ಕಟ್ಟಿದ್ದ ಬಟ್ಟೆ ಹಾಗೇ ಇತ್ತು. “ಎರಡ ದಿನದವು ಇವು. ನಿಲುವಿನ್ಯಾಗ ಹೊಡದಿದ್ದೆ, ಅದಕ್ಕ ಇಳದಿದ್ವು. ನನ್ನ ಕೈ ಅಂತ ತಿಳಕೊಂಡಿದ್ದೆ. ನಿಮಗೂ ಹಂಗ ಹೇಳಿ ಬಂದಿದ್ದೆ, ಅದು ಸುಳ್ಳ ಆತು.” ಆಮೇಲೆ ಕಂಬದ ಬುಡ ತೋರಿಸಿದ. “ಖರೇ ತೂತ ಮ್ಯಾಲಿನವು. ಆರ ದಿನ ಹಿಡೀತು. ಮೊದಲ ಒಂದೂವರೆ ದಿನ ನಾ ಹೊಡದೆ. ಉಳದದ್ದೆಲ್ಲ ನನ್ನ ಮಗಳ ಹೊಡದಾಳ.”

ನಗು ನಿಂತಿತು. ಆ ಗೌಂಡಿ ಬಗ್ಗಿ ಕಂಬದ ಬುಡದಲ್ಲಿ ಬೆರಳಾಡಿಸಿ ನೋಡಿದ. ತೂತಿನ ಅಂಚು ಮುಟ್ಟಿದ, ಮೂಲೆ ಮುಟ್ಟಿದ, ಒಂದಲ್ಲ ಎರಡು ಸಲ. ಎದ್ದು ನಿಂತವನು ಅಪ್ಪನ ಕಡೆ ನೋಡಲಿಲ್ಲ. ನನ್ನ ಕಡೆ ತಿರುಗಿ ಕೇಳಿದ.

“ಮುಂದಿನ ಬಾವಿ ಎಲ್ಲೈತಿ ತಂಗಿ?”

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಹೇಳಿದ, “ಸಾರವಾಡದಾಗ. ಇಬ್ಬರೂ ಹೊಂಟೀವಿ.”

ನನಗೂ ಅದು ಗೊತ್ತಾದದ್ದು ಆಗಲೇ.